ನಿಂತ ಗಾಡಿಯ ಬ್ಯಾಟರಿಯಿಂದ ಗ್ರಿಡ್‌ಗೆ ನೆರವು: ಯಾರಿಗೆ ಯಾವ ದಾರಿ ಸರಿ?

2024ರ ಫೆಬ್ರವರಿ 13. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಬಿರುಗಾಳಿಗೆ ಹೈಟೆನ್ಷನ್ ಟವರ್‌ಗಳು ಉರುಳಿಬಿದ್ದವು. ದೊಡ್ಡ ಕಲ್ಲಿದ್ದಲು ಸ್ಥಾವರವೊಂದು ಇದ್ದಕ್ಕಿದ್ದಂತೆ ಗ್ರಿಡ್‌ನಿಂದ, ಅಂದರೆ ಸ್ಥಾವರಗಳನ್ನೂ ಮನೆಗಳನ್ನೂ ಜೋಡಿಸುವ ವಿದ್ಯುತ್ ಜಾಲದಿಂದ, ಕಳಚಿಕೊಂಡಿತು. ಆ ಹೊತ್ತಿಗೆ ದೂರದ ಕ್ಯಾನ್‌ಬೆರಾದಲ್ಲಿ 16 ನಿಸಾನ್ ಲೀಫ್ ಕಾರುಗಳು ಚಾರ್ಜರ್‌ಗೆ ಸಿಕ್ಕಿಸಿಕೊಂಡು ನಿಂತಿದ್ದವು. ಗ್ರಿಡ್‌ನ ಏರುಪೇರನ್ನು ಅವು ತಾವಾಗಿಯೇ ಗುರುತಿಸಿ ಕರೆಂಟನ್ನು ವಾಪಸ್ ಕೊಟ್ಟವು. ಒಟ್ಟು 107 ಕಿಲೋವ್ಯಾಟ್. ಯಾರೂ ಗುಂಡಿ ಒತ್ತಲಿಲ್ಲ.

ಅದೇ ವರ್ಷ ಏಪ್ರಿಲ್ 3ರಂದು ತೈವಾನ್‌ನ ಹ್ವಾಲಿಯನ್ ಬಳಿ ದೊಡ್ಡ ಭೂಕಂಪವಾಯಿತು. ಅಲ್ಲಿ ಗೊಗೊರೊ ಎಂಬ ಕಂಪನಿಯ ಸ್ಕೂಟರ್ ಬ್ಯಾಟರಿ ಬದಲಿಸುವ ಕೇಂದ್ರಗಳು ಊರೂರಿನಲ್ಲೂ ಇವೆ. ಅವುಗಳಲ್ಲಿ 590 ಕೇಂದ್ರಗಳು ಆ ಕ್ಷಣದಲ್ಲಿ ಗ್ರಿಡ್‌ನಿಂದ ಕರೆಂಟ್ ಎಳೆಯುವುದನ್ನು ನಿಲ್ಲಿಸಿಬಿಟ್ಟವು.

ಒಂದು ಕಡೆ ಬ್ಯಾಟರಿ ಕೊಟ್ಟಿತು. ಇನ್ನೊಂದು ಕಡೆ ತೆಗೆದುಕೊಳ್ಳುವುದನ್ನು ಬಿಟ್ಟಿತು. ಗ್ರಿಡ್‌ನ ಲೆಕ್ಕದಲ್ಲಿ ಎರಡೂ ಒಂದೇ. 5 ಕಿಲೋವ್ಯಾಟ್ ಕೊಟ್ಟರೂ ಸರಿ, 5 ಕಿಲೋವ್ಯಾಟ್ ಎಳೆಯುವುದನ್ನು ನಿಲ್ಲಿಸಿದರೂ ಸರಿ, ತಕ್ಕಡಿ ಅಷ್ಟೇ ವಾಲುತ್ತದೆ. ಗ್ರಿಡ್‌ನಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸರಿಸಮ ಇರಬೇಕು. ಬಳಕೆ ಹೆಚ್ಚಾದರೆ ಜನರೇಟರ್‌ಗಳ ವೇಗ ತಗ್ಗಿ, 50 ಅಥವಾ 60 ಹರ್ಟ್ಸ್‌ನಲ್ಲಿರಬೇಕಾದ ಫ್ರೀಕ್ವೆನ್ಸಿ ಇಳಿಯುತ್ತದೆ. ಹೆಚ್ಚು ಇಳಿದರೆ ಸ್ಥಾವರಗಳು ತಮ್ಮ ರಕ್ಷಣೆಗಾಗಿ ಒಂದೊಂದಾಗಿ ಕಳಚಿಕೊಳ್ಳುತ್ತವೆ, ಕೊನೆಗೆ ಕತ್ತಲೆ. ಬ್ಯಾಟರಿ ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಸ್ಪಂದಿಸುತ್ತದೆ. ಆದ್ದರಿಂದಲೇ ಗ್ರಿಡ್ ನೋಡಿಕೊಳ್ಳುವವರಿಗೆ ನಮ್ಮ ಗಾಡಿಗಳ ಮೇಲೆ ಕಣ್ಣು.

ಈ ಎರಡು ಘಟನೆಗಳನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಗಾಡಿಯಿಂದ ಗ್ರಿಡ್‌ಗೆ ನೆರವು ಎಂದ ಕೂಡಲೇ ಎಲ್ಲರೂ ಕರೆಂಟ್ ವಾಪಸ್ ಮಾರುವುದನ್ನೇ ನೆನೆಯುತ್ತಾರೆ. ಅದು ಹಲವು ದಾರಿಗಳಲ್ಲಿ ಒಂದು ಅಷ್ಟೇ, ಅದೂ ಎಲ್ಲಕ್ಕಿಂತ ಖರ್ಚಿನದು. ನಿಮಗೆ ಯಾವುದು ಹೊಂದುತ್ತದೆ ಎನ್ನುವುದನ್ನು ಬ್ಯಾಟರಿಯ ಗಾತ್ರ ತೀರ್ಮಾನಿಸುವುದಿಲ್ಲ. ನಿಮ್ಮ ಗಾಡಿ ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಪ್ಲಗ್‌ನಲ್ಲಿ ನಿಂತಿರುತ್ತದೆ ಎನ್ನುವುದು ತೀರ್ಮಾನಿಸುತ್ತದೆ. ಈ ಬರಹದುದ್ದಕ್ಕೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಹೊತ್ತು ನೋಡಿ ಚಾರ್ಜ್ ಮಾಡುವುದು

ಇದನ್ನು ಸ್ಮಾರ್ಟ್ ಚಾರ್ಜಿಂಗ್ ಎನ್ನುತ್ತಾರೆ. ಕರೆಂಟ್ ಗಾಡಿಗೆ ಮಾತ್ರ ಹೋಗುತ್ತದೆ, ವಾಪಸ್ ಬರುವುದಿಲ್ಲ. ಯಾವಾಗ, ಎಷ್ಟು ವೇಗದಲ್ಲಿ ಹೋಗಬೇಕು ಎನ್ನುವುದಷ್ಟೇ ಬದಲಾಗುತ್ತದೆ.

ಒಂದು ಸರಳ ಲೆಕ್ಕ ನೋಡಿ. ದಿನಕ್ಕೆ 40 ಕಿಲೋಮೀಟರ್ ಓಡುವ ಕಾರಿಗೆ ಸುಮಾರು 7 ಯೂನಿಟ್ ಬೇಕು. ಮನೆಯಲ್ಲಿ 7 ಕಿಲೋವ್ಯಾಟ್ ಚಾರ್ಜರ್ ಇದ್ದರೆ ಒಂದೇ ಗಂಟೆಯ ಕೆಲಸ. ಸಂಜೆ 7ಕ್ಕೆ ಸಿಕ್ಕಿಸಿ ಬೆಳಿಗ್ಗೆ 7ಕ್ಕೆ ತೆಗೆಯುತ್ತೀರಿ ಎಂದರೆ ಹನ್ನೆರಡು ಗಂಟೆಯಲ್ಲಿ ಹನ್ನೊಂದು ಗಂಟೆ ಗಾಡಿ ಸುಮ್ನೆ ನಿಂತಿರುತ್ತದೆ. ಆ ಹನ್ನೊಂದು ಗಂಟೆಯ ಸಡಿಲವೇ ಗ್ರಿಡ್‌ಗೆ ಬೇಕಾದದ್ದು. ಸಂಜೆ ಎಲ್ಲರೂ ಮನೆಗೆ ಬಂದು ದೀಪ, ಫ್ಯಾನ್, ಒಲೆ, ಟೀವಿ ಹಾಕುವ ಹೊತ್ತಿಗೇ 7 ಕಿಲೋವ್ಯಾಟ್ ಎಳೆದರೆ ಆ ಒಂದು ಗಾಡಿ ಹಲವು ಮನೆಗಳಿಗೆ ಸಮ. ಅದೇ ಗಾಡಿ ನಡುರಾತ್ರಿ ತುಂಬಿಕೊಂಡರೆ ಯಾರಿಗೂ ಭಾರವಿಲ್ಲ. ಮಧ್ಯಾಹ್ನ ಸೌರ ವಿದ್ಯುತ್ ಬೇಡಿಕೆಗಿಂತ ಜಾಸ್ತಿ ಬರುವ ಕಡೆ, ಹಗಲು ಕಚೇರಿಯಲ್ಲಿ ನಿಂತ ಗಾಡಿಯೇ ಅದನ್ನು ಹಿಡಿದಿಡುವ ಪಾತ್ರೆ.

ಇದಕ್ಕೆ ಹೊಸ ಉಪಕರಣ ಬೇಕಿಲ್ಲ, ಅಥವಾ ತೀರಾ ಕಡಿಮೆ ಸಾಕು. ಬಹುತೇಕ ಕಾರುಗಳಲ್ಲಿ ಚಾರ್ಜ್ ಶುರುವಾಗುವ ಸಮಯ ಹಾಕುವ ಸೌಲಭ್ಯ ಇದ್ದೇ ಇರುತ್ತದೆ. ಬ್ಯಾಟರಿಗೂ ಹೆಚ್ಚಿನ ಸವೆತವಿಲ್ಲ. ಹೊರಡುವ ಹೊತ್ತಿಗೆ ಸ್ವಲ್ಪ ಮುಂಚೆ ತುಂಬುವಂತೆ ಇಟ್ಟರೆ ಬ್ಯಾಟರಿ ರಾತ್ರಿಯಿಡೀ ಪೂರ್ತಿ ತುಂಬಿ ಕೂರುವುದು ತಪ್ಪುತ್ತದೆ, ಅದರ ಆಯುಸ್ಸಿಗೂ ಒಳ್ಳೆಯದು.

ಒಂದು ತೊಡಕಿದೆ. ರಾತ್ರಿ 11ಕ್ಕೆ ದರ ಇಳಿಯುತ್ತದೆ ಎಂದು ಎಲ್ಲರೂ 11ಕ್ಕೇ ಟೈಮರ್ ಇಟ್ಟರೆ, 11 ಹೊಡೆದ ಕೂಡಲೇ ಲಕ್ಷಗಟ್ಟಲೆ ಗಾಡಿಗಳು ಒಟ್ಟಿಗೆ ಎಳೆಯಲು ಶುರು ಮಾಡುತ್ತವೆ. ಹೊಸದೊಂದು ಪೀಕ್, ಅಂದರೆ ಬೇಡಿಕೆ ತುದಿ ಮುಟ್ಟುವ ಹೊತ್ತು, ಹುಟ್ಟುತ್ತದೆ. ಬ್ರಿಟನ್ ಇದನ್ನು ಮೊದಲೇ ಊಹಿಸಿ 2022ರ ಜೂನ್ 30ರಿಂದ ನಿಯಮ ತಂದಿತು: ಅಲ್ಲಿ ಮಾರುವ ಮನೆ ಚಾರ್ಜರ್‌ಗಳು ಹೇಳಿದ ಹೊತ್ತಿಗೆ ಸರಿಯಾಗಿ ಶುರುವಾಗದೆ, ಒಂದೊಂದೂ 10 ನಿಮಿಷದವರೆಗೆ ಬೇರೆ ಬೇರೆಯಾಗಿ ತಡಮಾಡಿ ಶುರುವಾಗಬೇಕು. ಹಾಗಾಗಿ ಬರೀ ಟೈಮರ್‌ಗಿಂತ, ವಿದ್ಯುತ್ ಕಂಪನಿಯ ಸೂಚನೆ ಕೇಳಿ ವೇಗ ಏರಿಸಿ ಇಳಿಸುವ ವ್ಯವಸ್ಥೆ ಸಿಕ್ಕರೆ ಅದೇ ಮೇಲು.

ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ಸ್ವಂತ ಬಳಕೆಗೆ ಒಂದೇ ಕಾರು ಇಟ್ಟುಕೊಂಡ ಹೆಚ್ಚಿನವರಿಗೆ ಇಷ್ಟೇ ಸಾಕು. ಸಿಗಬಹುದಾದ ಲಾಭದಲ್ಲಿ ದೊಡ್ಡ ಪಾಲು ಇಲ್ಲೇ ಬಂದುಬಿಡುತ್ತದೆ. ಮುಂದಿನ ದಾರಿಗಳು ಯಾರಿಗೆ ಬೇಕು, ಯಾಕೆ ಬೇಕು ಎನ್ನುವುದನ್ನು ಅಳೆದು ತೂಗಿ ನೋಡಬೇಕು.

ಗಾಡಿಯಿಂದ ಸಾಮಾನಿಗೆ, ಗಾಡಿಯಿಂದ ಮನೆಗೆ

ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಒಂದೇ ಅಲ್ಲ.

ಮೊದಲನೆಯದು ವಿ2ಎಲ್ (ವೆಹಿಕಲ್ ಟು ಲೋಡ್, ಅಂದರೆ ಗಾಡಿಯಿಂದ ಸಾಮಾನಿಗೆ). ಗಾಡಿಯಲ್ಲೇ ಸಾಕೆಟ್ ಇರುತ್ತದೆ, ಅಥವಾ ಚಾರ್ಜಿಂಗ್ ಜಾಗಕ್ಕೆ ಒಂದು ಅಡಾಪ್ಟರ್ ಸಿಕ್ಕಿಸಿದರೆ ಸಾಕೆಟ್ ಸಿಗುತ್ತದೆ. ಹ್ಯುಂಡೈ ಐಯಾನಿಕ್ 5ರಂಥ ಕಾರುಗಳಲ್ಲಿ 3.6 ಕಿಲೋವ್ಯಾಟ್‌ವರೆಗೆ ಎಳೆಯಬಹುದು. ವೈರ್ ಎಳೆದು ಬೇಕಾದ ಸಾಮಾನನ್ನು ನೇರವಾಗಿ ಸಿಕ್ಕಿಸುವುದು, ಅಷ್ಟೇ. ಮನೆಯ ವೈರಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ.

ಒಮ್ಮೆ ರಾತ್ರಿಯಿಡೀ ಕರೆಂಟ್ ಇಲ್ಲದಾಗ ಹೀಗೆ ಮಾಡಿ ನೋಡಿದ್ದೇನೆ. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಒಳಗೆ ತಂದು ಫ್ರಿಜ್, ಎರಡು ಫ್ಯಾನ್, ಎರಡು ದೀಪ, ವೈಫೈ ರೂಟರ್ ಹಾಕಿದೆ. ಕಾರಿನದು 50 ಯೂನಿಟ್ ಬ್ಯಾಟರಿ. ಮಲಗುವಾಗ ಪರದೆಯಲ್ಲಿ ಶೇಕಡಾ 68 ಇತ್ತು, ಹತ್ತು ಗಂಟೆ ಕಳೆದು ನೋಡಿದರೆ 62. ಅಂದರೆ 3 ಯೂನಿಟ್ ಹೋಗಿತ್ತು. ಆಮೇಲೆ ಲೆಕ್ಕ ಹಾಕಿದಾಗ ಮನೆಯ ಸಾಮಾನುಗಳು ತಿಂದದ್ದು ಎರಡಕ್ಕಿಂತ ತುಸು ಹೆಚ್ಚು ಯೂನಿಟ್ ಮಾತ್ರ. ಉಳಿದದ್ದು ಕಾರಿನ ಸ್ವಂತ ಎಲೆಕ್ಟ್ರಾನಿಕ್ಸ್ ಎಚ್ಚರವಾಗಿರಲು ಹೋಯಿತು. ಈ ಮಾತು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ: ಸಣ್ಣ ಲೋಡ್‌ಗೆ ದೊಡ್ಡ ಗಾಡಿಯನ್ನು ಎಚ್ಚರವಾಗಿ ಇಡುವುದರಲ್ಲಿ ನಷ್ಟದ ಪಾಲು ದೊಡ್ಡದು.

ಇಲ್ಲೊಂದು ಎಚ್ಚರಿಕೆ. ಎರಡೂ ಕಡೆ ಪಿನ್ ಇರುವ ವೈರ್ ಮಾಡಿಕೊಂಡು ಗಾಡಿಯ ಕರೆಂಟನ್ನು ಗೋಡೆಯ ಸಾಕೆಟ್‌ಗೆ ಕೊಡುವ ಐಡಿಯಾ ಅಲ್ಲಿ ಇಲ್ಲಿ ಕಾಣಿಸುತ್ತದೆ. ದಯವಿಟ್ಟು ಮಾಡಬೇಡಿ. ಆ ಕರೆಂಟ್ ನಿಮ್ಮ ಮೀಟರ್ ದಾಟಿ ಬೀದಿಯ ತಂತಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಮ್ಮುಖವಾಗಿ ಏರಿ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತದೆ.

ಎರಡನೆಯದು ವಿ2ಎಚ್ (ವೆಹಿಕಲ್ ಟು ಹೋಮ್, ಅಂದರೆ ಗಾಡಿಯಿಂದ ಮನೆಗೆ). ಇಲ್ಲಿ ಗಾಡಿ ಇಡೀ ಮನೆಗೆ, ಅಥವಾ ಮನೆಯ ಕೆಲವು ಸರ್ಕ್ಯೂಟ್‌ಗಳಿಗೆ ಕರೆಂಟ್ ಕೊಡುತ್ತದೆ. ಎರಡೂ ದಿಕ್ಕಿಗೆ ಕೆಲಸ ಮಾಡುವ ಚಾರ್ಜರ್ ಬೇಕು. ಗ್ರಿಡ್ ಹೋದಾಗ ಮನೆಯನ್ನು ಬೀದಿ ತಂತಿಯಿಂದ ತಾನಾಗಿಯೇ ಬೇರ್ಪಡಿಸುವ ಸ್ವಿಚ್ ಬೇಕು. 2011ರ ಮಾರ್ಚ್‌ನ ಭೂಕಂಪ, ಸುನಾಮಿಯ ನಂತರ ಜಪಾನ್‌ನಲ್ಲಿ ವಿದ್ಯುತ್ ಕೊರತೆ ಬಂದಾಗ ಈ ವಿಚಾರಕ್ಕೆ ಜೋರು ಬಂತು. ಮರುವರ್ಷವೇ ನಿಸಾನ್ ತನ್ನ ಲೀಫ್ ಕಾರಿನಿಂದ ಮನೆಗೆ ಕರೆಂಟ್ ಕೊಡುವ ವ್ಯವಸ್ಥೆಯನ್ನು ಅಲ್ಲಿ ಮಾರಾಟಕ್ಕೆ ತಂದಿತು. ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ಪಿಕಪ್ 9.6 ಕಿಲೋವ್ಯಾಟ್‌ವರೆಗೆ ಕೊಡುತ್ತದೆ.

ಮನೆಗೆ ಕೊಟ್ಟರೆ ಗ್ರಿಡ್‌ಗೆ ಏನು ಲಾಭ ಎಂದು ಕೇಳಬಹುದು. ಸಂಜೆಯ ಪೀಕ್ ಹೊತ್ತಿನಲ್ಲಿ ಮನೆ ಗಾಡಿಯ ಕರೆಂಟಿನಲ್ಲೇ ನಡೆದರೆ ನಿಮ್ಮ ಮೀಟರ್ ಬಹುತೇಕ ನಿಂತುಬಿಡುತ್ತದೆ. ತೈವಾನ್‌ನ ಉದಾಹರಣೆಯೇ ಇದು, ರೂಪ ಬೇರೆ. ಆದರೆ ಸಾಮಾನ್ಯ ಮನೆಯ ಲೋಡ್ ಹೆಚ್ಚಿನ ಹೊತ್ತು ಒಂದು ಕಿಲೋವ್ಯಾಟ್‌ಗಿಂತ ಕಡಿಮೆ. ಗಾಡಿಯಿಂದ ಫ್ರಿಜ್ ಓಡಿಸಿದ ಆ ರಾತ್ರಿ ಕಂಡ ನಷ್ಟದ ಲೆಕ್ಕ ಇಲ್ಲಿಯೂ ಬರುತ್ತದೆ. ಪದೇಪದೇ ಕರೆಂಟ್ ಹೋಗುವ ಜಾಗದಲ್ಲಿ ಇರುವವರಿಗೆ, ಅಥವಾ ಮನೆ ಮೇಲೆ ಸೌರ ಫಲಕ ಇದ್ದು ಗಾಡಿ ಹಗಲೂ ಮನೆಯಲ್ಲೇ ಇರುವವರಿಗೆ ಇದು ಒಳ್ಳೆಯ ಆಯ್ಕೆ. ಬಿಲ್ ಇಳಿಸುವುದಷ್ಟೇ ಗುರಿಯಾದರೆ ಲೆಕ್ಕ ಬಿಗಿ.

ಗ್ರಿಡ್‌ಗೇ ವಾಪಸ್ ಕೊಡುವುದು

ಇದೇ ವಿ2ಜಿ (ವೆಹಿಕಲ್ ಟು ಗ್ರಿಡ್). ವಿಚಾರ ಹೊಸದಲ್ಲ. ಡೆಲವೇರ್ ವಿಶ್ವವಿದ್ಯಾಲಯದ ವಿಲೆಟ್ ಕೆಂಪ್ಟನ್ ಮತ್ತು ಸ್ಟೀವನ್ ಲೆಟೆಂಡ್ರೆ 1997ರಲ್ಲೇ ಇದರ ಬಗ್ಗೆ ಬರೆದಿದ್ದರು. ಅವರು ಹಿಡಿದ ಎಳೆ ತುಂಬ ಸರಳ: ಕಾರು ದಿನದ ಬಹುಪಾಲು ಓಡುವುದೇ ಇಲ್ಲ, ನಿಂತಿರುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಅಲ್ವಾ? ಒಂದು ಲಕ್ಷ ಗಾಡಿಗಳು ತಲಾ 5 ಕಿಲೋವ್ಯಾಟ್ ಕೊಟ್ಟರೆ 500 ಮೆಗಾವ್ಯಾಟ್. ಒಂದು ಸ್ಥಾವರದ ದೊಡ್ಡ ಘಟಕದಷ್ಟು. ಎರಡು ಗಂಟೆ ಕೊಟ್ಟರೂ ಪ್ರತಿ ಗಾಡಿಯಿಂದ ಹೋಗುವುದು 10 ಯೂನಿಟ್.

ಹೀಗಿದ್ದೂ ಇದು ಮನೆಮನೆಗೆ ಯಾಕೆ ಬಂದಿಲ್ಲ? ಮೊದಲ ಅಡ್ಡಿ ಉಪಕರಣ. ಬ್ಯಾಟರಿಯಲ್ಲಿರುವುದು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್), ಗ್ರಿಡ್‌ನಲ್ಲಿರುವುದು ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್). ಬದಲಿಸುವ ಇನ್ವರ್ಟರ್ ಗೋಡೆಯ ಚಾರ್ಜರ್‌ನಲ್ಲಿ ಇರಬೇಕು, ಇಲ್ಲವೇ ಗಾಡಿಯೊಳಗೆ ಇರಬೇಕು. ಗೋಡೆಯಲ್ಲಿದ್ದರೆ ಚಾರ್ಜರ್ ದುಬಾರಿ ಮತ್ತು ಭಾರ, ಆದರೆ ಗ್ರಿಡ್‌ನ ನಿಯಮಗಳಿಗೆ ಹೊಂದಿಸುವುದು ಸುಲಭ. ಗಾಡಿಯಲ್ಲಿದ್ದರೆ ಚಾರ್ಜರ್ ಅಗ್ಗ, ಆದರೆ ಒಂದೊಂದು ಮಾದರಿಯ ಗಾಡಿಯೂ ಹೋದಲ್ಲೆಲ್ಲ ಅಲ್ಲಿನ ಗ್ರಿಡ್ ನಿಯಮ ಪಾಲಿಸಬೇಕು.

ಎರಡನೆಯದು ಗಾಡಿ ಮತ್ತು ಚಾರ್ಜರ್ ಮಾತಾಡುವ ಭಾಷೆ. ಜಪಾನ್‌ನ ಚಾಡೆಮೊ ಪ್ಲಗ್‌ನಲ್ಲಿ ಎರಡೂ ದಿಕ್ಕಿನ ಸೌಲಭ್ಯ ಬಹಳ ಮುಂಚೆಯೇ ಇತ್ತು. ಆರಂಭದ ಪ್ರಯೋಗಗಳಲ್ಲೆಲ್ಲ ಲೀಫ್ ಕಾರೇ ಕಾಣಿಸುವುದು ಅದಕ್ಕೇ. ಹೆಚ್ಚಿನ ಕಡೆ ಬಳಕೆಗೆ ಬಂದ ಸಿಸಿಎಸ್ ಪ್ಲಗ್‌ಗೆ ಇದನ್ನು ತರುವ ಐಎಸ್ಒ 15118-20 ಎಂಬ ಮಾನದಂಡ ಹೊರಬಂದದ್ದು 2022ರಲ್ಲಿ. ಹೊಸ ಗಾಡಿ ಕೊಳ್ಳುವವರು ಈ ಸಂಖ್ಯೆಯನ್ನು ಬರೆದಿಟ್ಟುಕೊಂಡು ಕೇಳಬೇಕು. ಮುಂದೆ ಅಪ್‌ಡೇಟ್‌ನಲ್ಲಿ ಬರುತ್ತದೆ ಎನ್ನುವ ಮಾತನ್ನು ನಂಬಿ ಕೊಳ್ಳಬೇಡಿ. ಒಳಗಿನ ಹಾರ್ಡ್‌ವೇರ್ ಇಲ್ಲದಿದ್ದರೆ ಯಾವ ಅಪ್‌ಡೇಟ್‌ನಿಂದಲೂ ಬರುವುದಿಲ್ಲ.

ಮೂರನೆಯದು ಅನುಮತಿ. ಗ್ರಿಡ್‌ಗೆ ಕರೆಂಟ್ ಬಿಡುವವರು ಚಿಕ್ಕ ವಿದ್ಯುತ್ ಕೇಂದ್ರವಿದ್ದಂತೆ. ವಿದ್ಯುತ್ ಕಂಪನಿಯ ಒಪ್ಪಿಗೆ, ಎರಡೂ ಕಡೆ ಅಳೆಯುವ ಮೀಟರ್, ಗ್ರಿಡ್ ಹೋದಾಗ ತಕ್ಷಣ ನಿಲ್ಲುವ ರಕ್ಷಣೆ ಎಲ್ಲವೂ ಬೇಕು. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು: ಬರೀ ವಿ2ಜಿ ಇದ್ದರೆ ಕರೆಂಟ್ ಹೋದಾಗ ನಿಮ್ಮ ಮನೆಯಲ್ಲೂ ಕತ್ತಲೆಯೇ. ಮನೆ ನಡೆಯಬೇಕಾದರೆ ವಿ2ಎಚ್‌ನ ಬೇರ್ಪಡಿಸುವ ಸ್ವಿಚ್ ಜೊತೆಗೆ ಇರಲೇಬೇಕು.

ಇನ್ನು ಹಣದ ಲೆಕ್ಕ. ಗ್ರಿಡ್‌ನಿಂದ 10 ಯೂನಿಟ್ ತುಂಬಿಸಿದರೆ, ಹೋಗುವಾಗ ಬರುವಾಗಿನ ನಷ್ಟ ಕಳೆದು ವಾಪಸ್ ಸಿಗುವುದು ಸುಮಾರು 8. ಅಂದರೆ ಅಗ್ಗದ ಹೊತ್ತಿನಲ್ಲಿ ಕೊಂಡ ಕರೆಂಟಿನ ದರ ನಿಮ್ಮ ಕೈಯಲ್ಲೇ ಕಾಲುಭಾಗ ಏರಿರುತ್ತದೆ. ಅದರ ಮೇಲೆ ಬ್ಯಾಟರಿ ಸವೆತ. ಪೀಕ್ ಹೊತ್ತಿನ ದರ ಇವೆರಡನ್ನೂ ದಾಟಿ, ಚಾರ್ಜರ್ ಹಣವೂ ಹುಟ್ಟುವಷ್ಟು ಮೇಲಿರಬೇಕು. ದಿನದ ಎಲ್ಲ ಹೊತ್ತಿಗೂ ಒಂದೇ ದರ ಇರುವ ಕಡೆ ಇದು ಗಿಟ್ಟುವುದಿಲ್ಲ. ಯೂನಿಟ್ ಮಾರುವುದಕ್ಕಿಂತ, ಬೇಕೆಂದಾಗ ಸಿದ್ಧವಾಗಿ ನಿಂತಿರುವುದಕ್ಕೇ ಹಣ ಕೊಡುವ ವ್ಯವಸ್ಥೆ ಇದ್ದರೆ ಕಥೆ ಬೇರೆ. ಫ್ರೀಕ್ವೆನ್ಸಿ ಕಾಯುವ ಕೆಲಸಕ್ಕೆ ಹಲವು ಕಡೆ ಹೀಗೆ ಕೊಡುತ್ತಾರೆ. ಅದರಲ್ಲಿ ಬ್ಯಾಟರಿಯಿಂದ ಹೋಗುವ ಯೂನಿಟ್ ಕಡಿಮೆ, ಆದರೆ ಪ್ಲಗ್‌ನಲ್ಲಿ ನಿಂತಿರುವ ಗಂಟೆಗಳು ಜಾಸ್ತಿ ಬೇಕು.

ಇಲ್ಲಿ ಗೆಲ್ಲುವುದು ಯಾರು ಎಂದು ಈಗ ಊಹಿಸಬಹುದು. ಡೆನ್ಮಾರ್ಕ್‌ನ ಫ್ರೆಡರಿಕ್ಸ್‌ಬರ್ಗ್‌ನಲ್ಲಿ 2016ರಲ್ಲಿ ಅಲ್ಲಿನ ನಗರಸೇವಾ ಸಂಸ್ಥೆಯ ಹತ್ತು ನಿಸಾನ್ ವ್ಯಾನ್‌ಗಳನ್ನು ಹತ್ತು ವಿ2ಜಿ ಚಾರ್ಜರ್‌ಗಳಿಗೆ ಜೋಡಿಸಿದರು. ಕೆಲಸದ ಹೊತ್ತು ಮುಗಿದ ಮೇಲೆ ವ್ಯಾನ್‌ಗಳು ಒಂದೇ ಅಂಗಳದಲ್ಲಿ ಬೆಳಗಿನವರೆಗೆ ನಿಂತಿರುತ್ತಿದ್ದವು. ಇದಕ್ಕಿಂತ ಹೊಂದುವ ಗಾಡಿ ಇನ್ನಾವುದು? ಶಾಲಾ ಬಸ್‌ಗಳೂ ಹಾಗೆಯೇ. ಬ್ಯಾಟರಿ ದೊಡ್ಡದು, ಓಡುವ ಹೊತ್ತು ಮೊದಲೇ ಗೊತ್ತು, ರಜೆಯಲ್ಲಿ ವಾರಗಟ್ಟಲೆ ನಿಂತಿರುತ್ತವೆ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ 2024ರಲ್ಲಿ 74 ವಿದ್ಯುತ್ ಶಾಲಾ ಬಸ್‌ಗಳನ್ನು ಈ ಕೆಲಸಕ್ಕೂ ಬಳಸುವಂತೆ ಇಳಿಸಿದರು. ಗಾಡಿಗಳ ಪಡೆ ನಡೆಸುವವರು ಈ ಬರಹ ಓದುತ್ತಿದ್ದರೆ ವಿ2ಜಿಯನ್ನು ಗಂಭೀರವಾಗಿ ನೋಡಿ ಎಂದೇ ಹೇಳುತ್ತೇನೆ.

ಬ್ಯಾಟರಿ ಬೇಗ ಸಾಯುವುದಿಲ್ಲವೇ?

ಎಲ್ಲರ ಭಯವೂ ಇದೇ. ನ್ಯಾಯವಾದ ಭಯ. 2017ರಲ್ಲಿ ಇದರ ಬಗ್ಗೆ ಎರಡು ಅಧ್ಯಯನಗಳು ಬಂದವು. ಹವಾಯಿಯಲ್ಲಿ ಮ್ಯಾಥ್ಯೂ ಡ್ಯುಬಾರಿ (Dubarry) ತಂಡದವರು ಬ್ಯಾಟರಿ ಕೋಶಗಳನ್ನು ಪರೀಕ್ಷಿಸಿ, ದಿನವೂ ಪೂರ್ಣ ವೇಗದಲ್ಲಿ ಗ್ರಿಡ್‌ಗೆ ಹರಿಸುತ್ತಿದ್ದರೆ ಆಯುಸ್ಸು ಗಣನೀಯವಾಗಿ ಕುಗ್ಗುತ್ತದೆ ಎಂದರು. ಬ್ರಿಟನ್‌ನ ವಾರ್ವಿಕ್ ವಿಶ್ವವಿದ್ಯಾಲಯದ ಕೊತುಬ್ ಉದ್ದೀನ್ ತಂಡದವರು, ಜಾಣತನದಿಂದ ಮಾಡಿದರೆ ಸವೆತ ಹೆಚ್ಚುವ ಬದಲು ಕಡಿಮೆಯೇ ಆಗಬಹುದು ಎಂದರು. ಜನ ಇವೆರಡನ್ನೂ ಎದುರುಬದುರು ನಿಲ್ಲಿಸಿ ವಾದ ಮಾಡಿದರು. ನನಗೆ ತುಂಬ ಹಿಡಿಸಿದ್ದು ಆಮೇಲಿನದು: 2018ರಲ್ಲಿ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದರು. ಎರಡೂ ಫಲಿತಾಂಶಗಳು ಸರಿ, ಬಳಸುವ ರೀತಿ ಬೇರೆಯಾದ್ದರಿಂದ ಉತ್ತರ ಬೇರೆ.

ಇದು ಹೇಗೆ ಸಾಧ್ಯ? ಲಿಥಿಯಂ ಬ್ಯಾಟರಿ ಎರಡು ರೀತಿ ಮುದಿಯಾಗುತ್ತದೆ. ಬಳಸಿದಷ್ಟೂ ಸವೆಯುತ್ತದೆ, ಬಳಸದೆ ಸುಮ್ಮನೆ ಇಟ್ಟರೂ ಸವೆಯುತ್ತದೆ. ಪೂರ್ತಿ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಈ ಎರಡನೇ ಸವೆತ ಜೋರು. ತುಂಬಿ ಕೂತ ಬ್ಯಾಟರಿಯಿಂದ ಒಂದಿಷ್ಟು ಇಳಿಸಿ ನಡುಮಟ್ಟದಲ್ಲಿ ಇಟ್ಟರೆ ಆ ಸವೆತ ಕಡಿಮೆಯಾಗುತ್ತದೆ.

ನಿಮ್ಮ ಗಾಡಿಗೆ ಲೆಕ್ಕ ಹೀಗೆ ಹಾಕಿ. 60 ಯೂನಿಟ್ ಬ್ಯಾಟರಿಯಿಂದ ದಿನವೂ 10 ಯೂನಿಟ್ ಕೊಟ್ಟರೆ ವರ್ಷಕ್ಕೆ ಸುಮಾರು 60 ಪೂರ್ಣ ಸೈಕಲ್ (ಒಮ್ಮೆ ಪೂರ್ತಿ ತುಂಬಿ ಪೂರ್ತಿ ಖಾಲಿಯಾದಷ್ಟು ಬಳಕೆಗೆ ಒಂದು ಸೈಕಲ್). ಹತ್ತು ವರ್ಷಕ್ಕೆ 600. ಎಲ್ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್) ಬ್ಯಾಟರಿ ಸಾಮಾನ್ಯವಾಗಿ 3000 ಸೈಕಲ್ ದಾಟುತ್ತದೆ, ಅದಕ್ಕೆ ಇದು ದೊಡ್ಡ ಹೊರೆಯಲ್ಲ. ನಿಕಲ್ ಇರುವ ಎನ್ಎಂಸಿ ಬ್ಯಾಟರಿಗೆ ಸಾಮಾನ್ಯ ಲೆಕ್ಕ 1000ದಿಂದ 2000, ಅದರಲ್ಲಿ 600 ಎಂದರೆ ಯೋಚಿಸಬೇಕಾದ್ದೇ. ಇನ್ನೊಂದು ರೀತಿ ಹೇಳುವುದಾದರೆ, ದಿನಾ 10 ಯೂನಿಟ್ ಕೊಡುವುದು ಗಾಡಿಯನ್ನು ಸುಮಾರು 60 ಕಿಲೋಮೀಟರ್ ಜಾಸ್ತಿ ಓಡಿಸಿದಂತೆ. ಆದರೆ ಮೆಲ್ಲಗೆ ಓಡಿಸಿದಂತೆ. ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮೋಟಾರ್ 60, 80 ಕಿಲೋವ್ಯಾಟ್ ಎಳೆಯುತ್ತದೆ, ಗ್ರಿಡ್‌ಗೆ ಹೋಗುವುದು 5ರಿಂದ 7.

ಕೊನೆಯ ಮಾತು ವಾರಂಟಿಯದು. ಗಾಡಿಯಿಂದ ಹೊರಗೆ ಕೊಡುವುದಕ್ಕೆ ಕೆಲವು ತಯಾರಕರು ಯೂನಿಟ್ ಅಥವಾ ಗಂಟೆಗಳ ಮಿತಿ ಹಾಕುತ್ತಾರೆ, ಕೆಲವರು ತಮ್ಮದೇ ಚಾರ್ಜರ್ ಇರಬೇಕು ಎನ್ನುತ್ತಾರೆ. ಬಾಯಿಮಾತಿನ ಭರವಸೆ ಬೇಡ, ಬರಹದಲ್ಲಿ ತೆಗೆದುಕೊಳ್ಳಿ.

ಗಾಡಿಯಿಂದ ಇಳಿದ ಬ್ಯಾಟರಿ

ಸಾಮರ್ಥ್ಯ 70, 80 ಶೇಕಡಾಕ್ಕೆ ಇಳಿದ ಬ್ಯಾಟರಿ ಗಾಡಿಗೆ ಸಾಲದಾದರೂ ನೆಲದ ಮೇಲೆ ಇಟ್ಟ ಸಂಗ್ರಹಕ್ಕೆ ಸಾಕು. ಆಮ್‌ಸ್ಟರ್‌ಡ್ಯಾಮ್‌ನ ಯೋಹಾನ್ ಕ್ರೈಫ್ ಕ್ರೀಡಾಂಗಣದಲ್ಲಿ 2018ರಲ್ಲಿ 148 ಲೀಫ್ ಕಾರುಗಳ ಬ್ಯಾಟರಿಗೆ ಸಮನಾದ 3 ಮೆಗಾವ್ಯಾಟ್ ವ್ಯವಸ್ಥೆ ಹಾಕಿದರು, ಹಳೆಯವೂ ಹೊಸವೂ ಸೇರಿ. ಇದರ ದೊಡ್ಡ ಅನುಕೂಲ ಎಂದರೆ ಇದು ಯಾವತ್ತೂ ಪ್ಲಗ್ ಕಿತ್ತುಕೊಂಡು ಹೊರಟುಹೋಗುವುದಿಲ್ಲ. ಆದರೆ ಇದು ಸಂಸ್ಥೆಗಳ ಕೆಲಸ. ಹಳೆಯ ಕೋಶಗಳನ್ನು ಪರೀಕ್ಷಿಸಿ ಹೊಂದಿಸುವುದಕ್ಕೆ ಪರಿಣತಿ ಬೇಕು, ಬೆಂಕಿಯ ಅಪಾಯವೂ ಇದೆ. ಮನೆಯಲ್ಲಿ ಜೋಡಿಸಿ ನೋಡುವ ಸಾಮಾನಲ್ಲ.

ಆರಿಸುವ ಮುನ್ನ

ಎರಡು ವಾರ ಒಂದು ಕಾಗದ ಇಟ್ಟುಕೊಳ್ಳಿ. ಗಾಡಿ ಪ್ಲಗ್‌ಗೆ ಸಿಕ್ಕಿಸಿದ ಹೊತ್ತು, ತೆಗೆದ ಹೊತ್ತು, ಆಗಿನ ಶೇಕಡಾ, ಇಷ್ಟನ್ನು ಬರೆಯಿರಿ. ನಿಮ್ಮ ವಿದ್ಯುತ್ ಕಂಪನಿಯ ಪೀಕ್ ಹೊತ್ತು ಯಾವುದು ಎಂದು ಬಿಲ್ಲಿನಲ್ಲೋ ದರಪಟ್ಟಿಯಲ್ಲೋ ನೋಡಿ, ಆ ಹೊತ್ತಿಗೆ ಗೆರೆ ಎಳೆಯಿರಿ. ಪೀಕ್ ಹೊತ್ತಿನಲ್ಲಿ ಗಾಡಿ ಹೆಚ್ಚಿನ ದಿನ ಪ್ಲಗ್‌ನಲ್ಲೇ ಇದ್ದು, ಆಗ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಉಳಿದಿದ್ದು, ಕೊಡುವ ಹೊತ್ತಿಗೂ ಕೊಳ್ಳುವ ಹೊತ್ತಿಗೂ ದರದ ಅಂತರ ದೊಡ್ಡದಿದ್ದರೆ ವಿ2ಜಿ ವಿಚಾರಿಸಿ. ಕರೆಂಟ್ ಹೋಗುವುದೇ ದೊಡ್ಡ ತಲೆನೋವಾದರೆ ವಿ2ಎಚ್. ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಹೋಗುವುದಾದರೆ ವಿ2ಎಲ್ ಮತ್ತು ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ವೈರ್ ಸಾಕು. ಯಾವುದನ್ನು ಆರಿಸಿದರೂ, ತುರ್ತಿಗೆಂದು ಇಷ್ಟು ಶೇಕಡಾ ಮುಟ್ಟಬಾರದು ಎಂಬ ಕನಿಷ್ಠ ಮಟ್ಟವನ್ನು ನೀವೇ ಹಾಕುವಂತಿರಬೇಕು. ಆ ಸೌಲಭ್ಯ ಇಲ್ಲದ ಯೋಜನೆಗೆ ಸೇರಬೇಡಿ.

ನಾನೂ ಹೀಗೆ ಬರೆದಿಟ್ಟೆ. ಹದಿನಾಲ್ಕು ದಿನದಲ್ಲಿ ಹನ್ನೊಂದು ರಾತ್ರಿ ಕಾರು ಪ್ಲಗ್‌ನಲ್ಲಿತ್ತು. ಪೀಕ್ ಹೊತ್ತಿನಲ್ಲಿ ಇದ್ದದ್ದು ನಾಲ್ಕೇ ದಿನ, ಉಳಿದ ದಿನ ಆ ಹೊತ್ತಿಗೆ ನಾನು ರಸ್ತೆಯಲ್ಲೇ ಇದ್ದೆ. ಎರಡೂ ದಿಕ್ಕಿನ ಚಾರ್ಜರ್‌ಗೆಂದು ಎತ್ತಿಟ್ಟಿದ್ದ ಹಣವನ್ನು ವಾಪಸ್ ಇಟ್ಟೆ. ಚಾರ್ಜ್ ಶುರುವಾಗುವ ಹೊತ್ತನ್ನು ರಾತ್ರಿ 1:20ಕ್ಕೆ ಬದಲಿಸಿದೆ.